ಬರಿಯ ಮೊಳೆ

ಕಾಫಿಬಟ್ಟಲಿನ ಅಂಚಿಗಂಟಿದ ನೊರೆ ಒಡೆಯುತ್ತಿದೆ, ಒಂದು ಗುಳ್ಳೆ, ಮತ್ತೊಂದು, ಹತ್ತಕ್ಕೆ ವಿಚಾರಣೆ, ಈಗ ಒಂಬತ್ತು ನಲವತ್ತು — ಕಲಾಬ್ರಿಯದ ಈ ಬೆಟ್ಟದೂರಿನ ಆಸ್ಪತ್ರೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟು ಕುಳಿತ ರೊಸಾಲ್ಬಳಿಗೆ ಇಪ್ಪತ್ತು ನಿಮಿಷ ಸಾಕು, ಸಾಕಾಗಲೇಬೇಕು, ಯಾವ ದಾದಿ ಎಲ್ಲಿ ದುಡಿಯಬೇಕೆಂದು ನಿಯಮಗಳಿಂದ ತರ್ಕಿಸುವ ಯಂತ್ರ ಪ್ರೊಫೆಸರ್ ಯಾನುಜ್ಜಿಯವರದು, ಆದರೆ ಯಾಕೆ ಎಂದು ಕೇಳಿದಾಗ ಅದು ಕೊಡುವ ವಿವರಣೆ ಇವಳದು, ಮೂರು ವರ್ಷದ ದುಡಿಮೆ, ಆ ವಿವರಣೆಯೇ ದಾದಿ ಕಾರ್ಮೆಲಿನಾಳನ್ನು ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರದಬ್ಬಿತು: ಅರಿವಳಿಕೆಯ ತರಬೇತಿ ಇಲ್ಲ, ಆದ್ದರಿಂದ ಅನರ್ಹಳು. ಎರಡೇ ಸಾಲು, ಎಷ್ಟು ಚೊಕ್ಕ! ಹತ್ತೊಂಬತ್ತು ವರ್ಷ ಆ ಕೋಣೆಯಲ್ಲಿ ನಿಂತ ಹೆಂಗಸು ಅಡುಗೆಮನೆಯ ಗೋಡೆಯಿಂದ ಪ್ರಮಾಣಪತ್ರವನ್ನು ಚೌಕಟ್ಟಿನ ಸಮೇತ ತಂದು ಮೇಜಿನ ಮೇಲೆ ಕುಕ್ಕಿದ್ದಳು, ನೋಡಮ್ಮಾ ದೊತ್ತೊರೆಸ್ಸಾ, ಡಾಕ್ಟರಮ್ಮಾ, ಟೊಮೇಟೊ ಕಲೆ ಒಂದು ಬಿಟ್ರೆ ಎಲ್ಲಾ ನೆಟ್ಟಗಿದೆ, ನಿನ್ನ ಯಂತ್ರಕ್ಕೊಂದು ಕನ್ನಡಕ ಕೊಡ್ಸು, ಗೋಡೇಲೀಗ ಬರೀ ಮೊಳೆ ಉಳಿದಿದೆ, ನನ್ನ ಗಂಡ ಅದಕ್ಕೆ ಟೋಪಿ ನೇತುಹಾಕ್ತಾನೆ — ನಗುತ್ತಿದ್ದಳು, ಮೊನ್ನೆಯವರೆಗೆ, ವಿಚಾರಣಾ ಸಮಿತಿಯ ಅಧ್ಯಕ್ಷರು ಕೇಳುವವರೆಗೆ, ಯಂತ್ರ ಕಾರಣಸಮೇತ ಇಲ್ಲ ಅಂದಿದೆ, ಹಾಗಾದ್ರೆ ಈ ಕಾಗದ ಎಲ್ಲಿಂದ ಬಂತು? ಖೋಟಾ ಎಂಬ ಮಾತು, ತರಬೇತಿ ಕೊಟ್ಟ ಶಾಲೆ ಮುಚ್ಚಿ ಎಷ್ಟೋ ಕಾಲವಾಗಿದೆ, ಸಾಬೀತಾದರೆ ಕೆಲಸವೇ ಹೋಗುತ್ತದೆ.

ಯಂತ್ರ ಸುಳ್ಳಾಡಿರಲಿಲ್ಲ, ಕಡತದಲ್ಲಿ ಕಾಣದ್ದನ್ನು ಇಲ್ಲವೆಂದೇ ಎಣಿಸುವುದು ಇಂಥ ಯಂತ್ರ ಕಟ್ಟುವವರ ತರ್ಕದ ಪದ್ಧತಿ, ಅವರಿಗದು ಉಸಿರಾಟದಷ್ಟು ಸಹಜ, ಹೊರಗಿನವರಿಗೆ ಗೊತ್ತಿಲ್ಲವೆಂಬುದೇ ಮರೆತುಹೋಗುವಷ್ಟು — ಹುಡುಕಿದೆ, ಸಿಗಲಿಲ್ಲ ಎಂಬ ಸಾಲು ಮೊದಲು ಇತ್ತು, ಇಂಥವೇ ನೂರಾರು, ಇಲ್ಲದ್ದರ ಪಟ್ಟಿ ಯಾರು ಓದ್ತಾರೆ ರೊಸಾಲ್ಬಾ, ಕತ್ತರ್ಸು, ಎಂದಿದ್ದರು ಯಾನುಜ್ಜಿ, ಕತ್ತರಿಸಿದ್ದು ಇದೇ ಬೆರಳುಗಳು, ಚಪ್ಪಾಳೆಯೂ ಸಿಕ್ಕಿತು. ಫೋನು ನಡುಗುತ್ತದೆ, ಯಾನುಜ್ಜಿ, ಇವತ್ತು ಏನೂ ಮುಟ್ಬೇಡ, ಆಸ್ಪತ್ರೆಯ ಒಪ್ಪಂದ ಕೈತಪ್ಪುತ್ತೆ, ಬೇಕಾದ್ರೆ ಮುಂದಿನ ತಿಂಗಳು ನೋಡೋಣ — ಇಲ್ಲ ಪ್ರೊಫೆಸರ್, ಮುಟ್ಟಿಯಾಯ್ತು, ಕತ್ತರಿಸಿದ ಸಾಲನ್ನು ಮರಳಿ ಸೇರಿಸುವ ಬೆರಳು ನಿಲ್ಲುವುದಿಲ್ಲ, ಒಂಬತ್ತು ಐವತ್ತೆಂಟು, ವಿಚಾರಣೆಯ ಕೋಣೆಯ ಬಾಗಿಲು ತೆರೆಯಿತು, ಪಕ್ಕದಲ್ಲಿ ಚೌಕಟ್ಟನ್ನು ಎದೆಗವಚಿಕೊಂಡ ಕಾರ್ಮೆಲಿನಾ, ಯಾಕಮ್ಮಾ ಹೀಗೆ ಬೆವರ್ತೀಯಾ, ವಿಚಾರಣೆ ನಂದು ತಾನೇ? ಒಳಗೆ ಅಧ್ಯಕ್ಷರ ಮುಂದೆ ರೊಸಾಲ್ಬಾ ಗುಂಡಿ ಒತ್ತಿದಳು, ಪರದೆಯಲ್ಲಿ ಎರಡಲ್ಲ, ಮೂರು ಸಾಲು, ಮೂರನೆಯದು, ತರಬೇತಿಯ ದಾಖಲೆ: ಹುಡುಕಿದೆ, ಸಿಗಲಿಲ್ಲ. ಅಧ್ಯಕ್ಷರ ಕನ್ನಡಕ ಮೂಗಿನ ತುದಿಗೆ ಜಾರಿತು, ಸಿಗಲಿಲ್ಲ ಅಂದ್ರೆ ಇಲ್ಲ ಅಂತ ತಾನೇ? ಅಲ್ಲ ಸರ್, ಯಾರೂ ತುಂಬಿಸಿಲ್ಲ ಅಂತ, ಆ ಸಾಲನ್ನ ನಿಮ್ಮಿಂದ ಮುಚ್ಚಿಟ್ಟಿದ್ದು ನಾನು — ಹೇಳಿದಳು, ಅಧ್ಯಕ್ಷರ ಬೆರಳು ಮೂರನೆಯ ಸಾಲಿನ ಮೇಲೆ ನಿಂತಿದೆ, ರೊಸಾಲ್ಬಳ ಕಣ್ಣಮುಂದೆ ಅವಳೆಂದೂ ನೋಡಿರದ ಆ ಅಡುಗೆಮನೆಯ ಗೋಡೆ, ಚೌಕಟ್ಟು ತೂಗಿದ್ದಲ್ಲಿ ಹೊಗೆ ಹಿಡಿಯದೆ ಉಳಿದ ಬಿಳಿಯ ಚೌಕ, ಅದರ ನೆತ್ತಿಯಲ್ಲಿ ಮೊಳೆ, ಟೋಪಿಯಿಲ್ಲದ, ಬರಿಯ ಮೊಳೆ