ಕತ್ತಿನ ಗುಂಡಿ

ಚುಂಯ್ ಎಂದಿತು ನೀರ ಹನಿ, ಇಸ್ತ್ರಿ ಪೆಟ್ಟಿಗೆಯ ಅಡಿಗೆ ಸಿಕ್ಕಿ ಸತ್ತಿತು, ಹಬೆ ಮೂಗಿಗೆ ಬಡಿಯಿತು, ಮೊದಲು ಸೋಪಿನ ವಾಸನೆ, ಅದರ ಬೆನ್ನಿಗೆ ಇನ್ನೊಬ್ಬರ ಮೈ ವಾಸನೆ, ಎಷ್ಟು ಒಗೆದರೇನು, ಬಟ್ಟೆ ಬಿಸಿಯಾದೊಡನೆ ಒಳಗಿನ ಮನುಷ್ಯ ಎದ್ದು ಬರುತ್ತಾನೆ — ಇದು ವಕೀಲರ ಅಂಗಿ, ಇವಳು ಕಣ್ಣು ಮುಚ್ಚಿ ಹೇಳಬಲ್ಲಳು, ಕಂಕುಳ ಹತ್ತಿರ ಹಳದಿ ಕಲೆ, ಹಿಂದೆಲ್ಲ ಮಗಳು ಗಿಣಿಗೆ ಈ ಕಲೆ ಕಂಡರೆ ಸಾಕಿತ್ತು, ಅಮ್ಮಾ, ವಕೀಲರು ಸುಳ್ಳು ಹೇಳುವಾಗ ಬೆವರೋದು ಇಲ್ಲೇ, ಅಂತ ಬೀದಿಗೆಲ್ಲ ಕೇಳುವ ಹಾಗೆ, ಒಂದು ಸಲ ವಕೀಲರು ಬಾಗಿಲಲ್ಲೇ ನಿಂತಿದ್ದರು, ಪೆಟ್ಟಿಗೆ ಇವಳ ಕಾಲಿನ ಮೇಲೆ ಬೀಳುವುದೊಂದು ಬಾಕಿ, ಆ ಪುಣ್ಯಾತ್ಮರು ಹೊಟ್ಟೆ ಹಿಡಿದುಕೊಂಡು ನಕ್ಕು, ಈ ಹುಡುಗೀನ ನನ್ನ ಜೊತೆ ಕೋರ್ಟಿಗೆ ಕಳಿಸಮ್ಮ, ಎದುರು ಪಾರ್ಟಿ ಎದ್ದು ಓಡ್ತಾನೆ, ಅಂದಿದ್ದರು. ಕಾಲರ್ ಮೊದಲು. ತುದಿಯಿಂದ ನಡುವಿಗೆ ಎಳೆಯಬೇಕು, ನಡುವಿನಿಂದ ತುದಿಗೆ ಎಳೆದರೆ ಸುಕ್ಕು ಮೂಲೆಗೆ ಹೋಗಿ ಕೂತುಬಿಡುತ್ತದೆ, ಹಟಮಾರಿ ನೆಂಟನ ಹಾಗೆ, ಏಳು ಅಂದರೆ ಏಳಲ್ಲ. ಕೌಂಟರಿನ ಆ ತುದಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಗಿಣಿ ಕೂತಿದ್ದಾಳೆ, ಮೂರನೇ ಕ್ಲಾಸು, ಶಾಲೆ ಬಿಟ್ಟು ಬಂದವಳು ಇನ್ನೂ ಯೂನಿಫಾರ್ಮ್ ಬಿಚ್ಚಿಲ್ಲ, ಅಂಗಡಿಯಲ್ಲಿ ಅವಳ ಕೆಲಸ ಒಂದೇ, ಇಸ್ತ್ರಿಯಾದ ಅಂಗಿಗೆ ಕತ್ತಿನ ಗುಂಡಿ ಹಾಕುವುದು, ಅದೊಂದು ಗುಂಡಿ ಬಿದ್ದರೆ ಕಾಲರ್ ತಲೆ ಎತ್ತಿ ನಿಲ್ಲುತ್ತದೆ, ಆಮೇಲೆ ಮಡಿಕೆ, ಆಮೇಲೆ ಕಟ್ಟು. ಹಾಕುತ್ತಿದ್ದಾಳೆ. ಹೆಬ್ಬೆರಳು, ತೋರುಬೆರಳು, ಒಂದು ತಿರುವು. ಇವತ್ತು ಬೆರಳು ಚುರುಕಾಗಿವೆ.

ಬೆರಳೇ ಅಲ್ಲವೇ ಮೊದಲು ಹೇಳಿದ್ದು, ಅವತ್ತು, ಇದೇ ಸ್ಟೂಲು, ಗಿಣಿಯ ಮೈಮೇಲೆ ಗುಂಡಿಯೇ ಇಲ್ಲದ ಫ್ರಾಕು, ಮಡಿಲಲ್ಲಿ ಒಂದು ಬಟ್ಟೆಯೂ ಇರಲಿಲ್ಲ, ಆದರೂ ಬೆರಳು ಎದೆಯ ಮುಂದೆ ಗುಂಡಿ ಹಾಕುತ್ತಲೇ ಇದ್ದವು, ಒಂದು ಗುಂಡಿ, ಮತ್ತೆ ಅದೇ ಗುಂಡಿ, ಇವಳು ನಕ್ಕಿದ್ದಳು, ಏನೇ ಗಿಣಿ, ಗಾಳಿಗೂ ಅಂಗಿ ತೊಡಿಸ್ತೀಯಾ — ನಕ್ಕು ಮುಗಿಸುವುದರೊಳಗೆ ಮಗು ನೆಲದ ಮೇಲಿತ್ತು, ಕಣ್ಣು ಒಂದು ಕಡೆಗೆ ಹೋಗಿತ್ತು, ಮೈ ಸೆಟೆದು ಬಿಲ್ಲಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆಗೆ ವೈರುಗಳನ್ನು ಅಂಟಿಸಿ ಪರೀಕ್ಷೆ ಮಾಡಿ, ಮೆದುಳಲ್ಲಿ ಒಂದು ಕಡೆ ಕರೆಂಟು ಎದ್ದುಬಿಡುತ್ತೆ ಕಣಮ್ಮ, ಮಾತ್ರೆ ಅದನ್ನ ಹಿಡಿದಿಡುತ್ತೆ, ಬೆಳಿಗ್ಗೆ ಒಂದು ಸಂಜೆ ಒಂದು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸೋದು, ಕಡಿಮೆ ಮಾಡೋದು, ಅದೊಂದು ಮಾತ್ರ ಬೇಡ, ಏನೇ ಆದರೂ ನನ್ನ ಹತ್ರ ಬಂದು ಹೇಳಿ, ಅಂದರು. ಹಿಡಿದಿಟ್ಟಿತು, ಸುಳ್ಳೇಕೆ ಹೇಳಬೇಕು, ಮಾತ್ರೆ ಫಿಟ್ಸನ್ನು ಹಿಡಿದಿಟ್ಟಿತು, ಜೊತೆಗೆ ಇನ್ನೇನೇನನ್ನು ಹಿಡಿಯಿತೋ, ಮೊದಲು ಮಗ್ಗಿ ಹೋಯಿತು, ಆಮೇಲೆ ಎದುರುಮನೆ ನಾಯಿಯ ಹೆಸರು, ಆಮೇಲೆ ಒಂದು ಸಂಜೆ ಗಿಣಿ ಈ ಪೆಟ್ಟಿಗೆಯ ಕಡೆ ಕೈ ತೋರಿಸಿ, ಅಮ್ಮಾ, ಅದು, ಅದು, ಬಿಸಿ ಮಾಡೋದು, ಉಜ್ಜೋದು — ತೊಟ್ಟಿಲು ಕಟ್ಟಿದ್ದೇ ಇಸ್ತ್ರಿ ಮೇಜಿನ ಪಕ್ಕ, ಅಮ್ಮ ಅನ್ನುವ ಮೊದಲು ಇತ್ತಿ ಅಂದಿದ್ದ ಮಗು, ಆ ಮಗುವಿಗೆ ಇಸ್ತ್ರಿ ಅನ್ನೋ ಮಾತು ಸಿಗಲಿಲ್ಲ, ಬಾಯಿ ತೆರೆದೇ ಇತ್ತು, ಖಾಲಿ, ಬಾಗಿಲು ತೆಗೆದಿಟ್ಟು ಎಲ್ಲರೂ ಊರಿಗೆ ಹೋದ ಮನೆಯ ಹಾಗೆ.

ತೋಳು ಈಗ, ಹೊಲಿಗೆ ಮೇಲೆ ಹೊಲಿಗೆ ಕೂರಬೇಕು. ಟೀಚರ್ ಏನಂದರು, ಈಗ ಎಷ್ಟು ಒಳ್ಳೆ ಹುಡುಗಿ ಆಗಿದ್ದಾಳೆ ನೋಡಿ, ಮುಂಚೆ ಬಾಯಿಗೆ ಬೀಗವೇ ಇರಲಿಲ್ಲ, ಅಂದರು, ಇವಳು ಹೂಂ ಅಂದು ಬಂದು ದಾರಿಯುದ್ದ ಅತ್ತಳು. ಅತ್ತೆ ಗೋಡೆಗೆ ಒರಗಿಕೊಂಡು, ಗಿಣಿ ಹಾರಿಹೋಯ್ತು, ಪಂಜರ ಉಳೀತು, ಅಂದಾಗ ಗಂಡ ಊಟದ ತಟ್ಟೆ ದೂಡಿ ಎದ್ದ, ಬಸ್ಸು ಓಡಿಸುವವನು, ರಸ್ತೆಯಲ್ಲಿ ಎಂಥವನು ಅಡ್ಡ ಬಂದರೂ ಬೈಯದವನು, ಅಮ್ಮಾ ಬಾಯಿ ಮುಚ್ಚು, ಅಂದ, ಆಮೇಲೆ ಇವಳ ಕಡೆ ತಿರುಗಿ, ಆಟೋದಲ್ಲಿ ನನ್ನ ತೊಡೆ ಮೇಲೆ ನೀಲಿ ಆಗಿದ್ದಳು ಕಣೇ, ನೀಲಿ, ಮಾತಿಲ್ಲದೆ ಬದುಕಬಹುದು, ಉಸಿರಿಲ್ಲದೆ? ಆಸ್ಪತ್ರೆಗೂ ಅವನ ಜೊತೆಯಲ್ಲೇ ಹೋದದ್ದು, ಹೊರಗೆ ಬೆಂಚಿನ ತುಂಬ ಮಕ್ಕಳು, ಒಳಗೆ ಡಾಕ್ಟರಮ್ಮ ತಲೆ ಎತ್ತದೆ, ಫಿಟ್ಸ್ ಬಂತಾ, ಇಲ್ಲ ಮೇಡಂ ಒಂದೂ ಬಂದಿಲ್ಲ, ಗಂಡನೇ ಹೇಳಿದ, ದೇವರ ಮುಂದೆ ನಿಂತವನ ಹಾಗೆ ಕೈ ಮುಗಿದು, ತುಂಬಾ ಒಳ್ಳೇದು ಹಾಗಾದರೆ ಇದನ್ನೇ ಮುಂದುವರಿಸಿ, ಇವಳ ನಾಲಿಗೆಯ ತುದಿಗೆ ಬಂದಿತ್ತು, ಮೇಡಂ ಮಾತು ಹೋಗ್ತಾ ಇದೆ — ಅಷ್ಟರಲ್ಲಿ ಮುಂದಿನ ಮಗು ಒಳಗೆ ಬಂದಾಗಿತ್ತು. ಇವಳಿಗೂ ಆ ಹೊತ್ತಿಗೆ ಮಾತು ಸಿಗಲಿಲ್ಲ ನೋಡಿ, ಮಾತ್ರೆ ನುಂಗದೆಯೇ.

ಮನೆಯಲ್ಲಿ ಕಟ್ಟಳೆ ಮಾಡಿದ್ದು ಅತ್ತೆ. ಮಗು ಮಾತು ಹುಡುಕುವಾಗ ಯಾರೂ ಹೇಳಿಕೊಡಬೇಡಿ, ಸೂಜಿ ಬಿದ್ದ ಕಡೆ ಎಲ್ಲರೂ ಕಾಲಿಟ್ಟರೆ ಸೂಜಿ ಸಿಗುತ್ತಾ, ಸುಮ್ಮನಿರಿ, ಅದೇ ಹುಡುಕಿಕೊಳ್ಳಲಿ. ಅಂದಿನಿಂದ ಗಿಣಿ ಬಾಯಿ ತೆರೆದು ನಿಂತರೆ ಮನೆಗೆ ಮನೆಯೇ ನಿಂತುಬಿಡುತ್ತದೆ, ಗಂಡ ರೇಡಿಯೋ ಆರಿಸುತ್ತಾನೆ, ಅತ್ತೆ ಕೆಮ್ಮನ್ನು ಸೆರಗಿನಲ್ಲಿ ಅದುಮುತ್ತಾಳೆ, ಇವಳು ಕೈಯಲ್ಲಿದ್ದದ್ದನ್ನು ಕೈಯಲ್ಲೇ ಹಿಡಿದು ಕಾಯುತ್ತಾಳೆ, ಅಂಗೈಯ ಕಾಳು ತಿನ್ನಲು ಹಕ್ಕಿ ಬರಲಿ ಅಂತ ಕಾಯುವ ಹಾಗೆ, ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ, ಮಗು ಬಾಯಿ ಮುಚ್ಚಿ ನೆಲ ನೋಡುತ್ತದೆ, ಹೋಗಲಿ ಬಿಡು ಅಮ್ಮ, ಅನ್ನುತ್ತದೆ, ಎಂಟು ವರ್ಷದ ಮಗು ಅನ್ನುವ ಮಾತೇ ಅದು.

ಹಾಗೆ ಅಂದ ಮರುದಿನವೇ ಇವಳು ಬ್ಲೇಡು ತೆಗೆದುಕೊಂಡಳು. ಹೊಲಿಗೆ ಬಿಚ್ಚುವ ಬ್ಲೇಡು, ನೂಲಿನಷ್ಟೂ ಆಚೆ ಈಚೆ ಆಗದ ಕೈ, ಮಾತ್ರೆಯ ನಡುವೆ ಗೆರೆ ಇತ್ತಲ್ಲ, ಗೆರೆ ಹಾಕಿರುವುದೇ ಕತ್ತರಿಸಲಿ ಅಂತ ಅಲ್ಲವೇ — ಅರ್ಧ ಮಾತ್ರೆ ಗಿಣಿಯ ನಾಲಿಗೆಗೆ, ಇನ್ನರ್ಧವನ್ನು ಎಸೆಯಲು ಮನಸ್ಸು ಬರಲಿಲ್ಲ, ಔಷಧಿ ಅದು, ಕಸದಲ್ಲಿ ಗಂಡನ ಕಣ್ಣಿಗೆ ಬಿದ್ದರೆ, ಬಟ್ಟೆಗೆ ಚಿಮುಕಿಸುವ ನೀರಿನ ಡಬ್ಬಿಗೆ ಹಾಕಿದಳು, ಬುಳುಬುಳು ಅಂದು ಕರಗಿತು. ಆಮೇಲಿಂದ ದಿನಾ. ಬೀದಿಯವರ ಅಂಗಿಗಳೆಲ್ಲ ಗಿಣಿಯ ಮಾತ್ರೆ ಕುಡಿದವು, ವಕೀಲರದು, ಮೇಷ್ಟ್ರದು, ಬ್ಯಾಂಕಿನವರದು, ಯಾರಿಗೂ ಫಿಟ್ಸ್ ಬರೋಲ್ಲ ಇನ್ನು ಅಂತ ತನಗೆ ತಾನೇ ನಕ್ಕಳು. ಆದರೆ ಮಾತು ಬಂತಲ್ಲ! ಮೊದಲು ನಾಯಿಯ ಹೆಸರು ವಾಪಸು ಬಂತು, ಆಮೇಲೆ ಅಜ್ಜಿಗೆ ಎದುರುತ್ತರ, ಅಜ್ಜಿ ನಿನ್ನ ಹಲ್ಲು ಡಬ್ಬೀಲಿ ಮಲಗಿದೆ ಎಬ್ಬಿಸ್ಲಾ, ಅತ್ತೆ ಬೈಯುತ್ತ ಬೈಯುತ್ತ ಕಣ್ಣು ಒರೆಸಿಕೊಂಡಳು, ಗಂಡ, ನೋಡಿದ್ಯಾ, ಮಾತ್ರೆಗೆ ಮೈ ಒಗ್ಗಿತು, ನಾನು ಹೇಳಿರಲಿಲ್ವಾ, ಅಂದ, ಇವಳು ಹೂಂ ಅಂದಳು. ನಾಳೆ ಹೋಗಬೇಕು, ಗಂಡನಿಲ್ಲದೆ, ಗಿಣಿಯನ್ನು ಕರೆದುಕೊಂಡು, ಡಾಕ್ಟರಮ್ಮನ ಮುಂದೆ ಕೂತು ಎಲ್ಲ ಹೇಳಿಬಿಡಬೇಕು, ಹೀಗೆ ಹೀಗೆ ಮಾಡಿದೆ ಮೇಡಂ, ಬೈಯಿರಿ, ಆದರೆ ಮೊದಲು ಇವಳನ್ನ ಮಾತಾಡಿಸಿ ನೋಡಿ, ಬೇರೆ ಮಾತ್ರೆ ಇರುತ್ತಲ್ಲ, ಇದ್ದೇ ಇರುತ್ತದೆ, ನಾಳೆ ಖಂಡಿತ — ನಿನ್ನೆಯೂ ನಾಳೆ ಅಂದಿದ್ದಳು, ಇನ್ನೊಂದು ದಿನ ಈ ದನಿ ಕೇಳಿಬಿಡೋಣ ಅಂತ, ಇನ್ನೊಂದೇ ದಿನ.

ಬೆನ್ನಿನ ಭಾಗ, ದೊಡ್ಡ ಬಯಲು, ಪೆಟ್ಟಿಗೆ ಓಡುತ್ತದೆ. ಅಮ್ಮಾ, ಅಂದಳು ಗಿಣಿ. ಏನೇ. ಅಮ್ಮಾ ವಕೀಲರ ಅಂಗಿ ಇದೆಯಲ್ಲ, ಅದು ಇವತ್ತು ಕೋರ್ಟಲ್ಲಿ — ಅಂದು ನಿಲ್ಲಿಸಿದಳು. ಬಾಯಿ ತೆರೆದಿದೆ. ಹುಡುಕುತ್ತಿದ್ದಾಳೆ, ದೊಡ್ಡ ಜೋಕೇ ಇರಬೇಕು, ಇವಳು ಪೆಟ್ಟಿಗೆಯನ್ನು ಇದ್ದಲ್ಲೇ ನಿಲ್ಲಿಸಿದಳು, ಅದೇ ಹೊತ್ತಿಗೆ ಬಾಗಿಲಲ್ಲಿ ವಕೀಲರೇ ಬಂದು ನಿಂತರು, ನೂರು ವರ್ಷ ಆಯಸ್ಸು ಅವರಿಗೆ, ಏನಮ್ಮಾ ಆಯ್ತಾ, ಎನ್ನಲು ಹೋದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು, ಶ್, ಹುಡುಕುತ್ತಿದ್ದಾಳೆ, ಹೇಳಿಕೊಡಬೇಡಿ. ಅವರಿಗೂ ಗೊತ್ತು ಕಟ್ಟಳೆ, ಮುಗುಳ್ನಗುತ್ತ ನಿಂತರು. ಬರಲಿ, ನಿಧಾನ, ಅವಸರವಿಲ್ಲ ಗಿಣಿ, ಕೋರ್ಟಲ್ಲಿ ಏನಾಯಿತು, ಹೇಳು, ಬಾಯಿ ತೆರೆದೇ ಇದೆ, ಕಣ್ಣು ಮೇಲೆ ಎಲ್ಲೋ ಮೂಲೆಗೆ, ಯೋಚಿಸುವವರೆಲ್ಲ ಹಾಗೇ ಅಲ್ಲವೇ ನೋಡೋದು, ಬೆರಳು ಮಾತ್ರ ಕೆಲಸ ಬಿಟ್ಟಿಲ್ಲ, ಜಾಣೆ, ಗುಂಡಿ ಹಾಕುತ್ತಲೇ ಇವೆ, ಹಕ್ಕಿ ಹತ್ತಿರ ಬಂದಿದೆ, ಅಲ್ಲಾಡಬೇಡ, ಏನೋ ಸೀಯುತ್ತಿದೆಯೇ, ಇರಲಿ, ಅಲ್ಲಾಡಬೇಡ, ಈಗ ಬರುತ್ತದೆ, ಈಗ — ವಕೀಲರ ನಗು ಎಲ್ಲಿ ಹೋಯಿತು, ಯಾಕೆ ಹಾಗೆ ನೋಡುತ್ತಿದ್ದಾರೆ, ಏನೋ ಅಂದರು, ಮೆಲ್ಲಗೆ, ಅಮ್ಮಾ, ಅವಳು ಯಾವ ಅಂಗಿಗೆ ಗುಂಡಿ ಹಾಕ್ತಿದ್ದಾಳೆ?

ಯಾವ ಅಂಗಿ ಅಂದರೆ, ಇದೇ, ನಿಮ್ಮದೇ, ಉಳಿದದ್ದೆಲ್ಲ ಕಟ್ಟಿಟ್ಟಾಗಿದೆ, ಇದೊಂದೇ ಉಳಿದಿರೋದು — ಇದು ಇಲ್ಲಿದೆ, ಇವಳ ಕೈಯಡಿಯಲ್ಲಿ, ಪೆಟ್ಟಿಗೆಯ ಕೆಳಗೆ, ಹೊಗೆ ಏಳುತ್ತಿದೆ ಬೆನ್ನಿನಿಂದ. ಗಿಣಿಯ ಮಡಿಲಲ್ಲಿ ಏನೂ ಇಲ್ಲ. ಹೆಬ್ಬೆರಳು, ತೋರುಬೆರಳು, ಒಂದು ತಿರುವು. ಏನೂ ಇಲ್ಲ. ಹೆಬ್ಬೆರಳು, ತೋರುಬೆರಳು, ಗಾಳಿಯ ಕತ್ತಿಗೆ, ಗುಂಡಿ, ಮತ್ತೆ ಅದೇ ಗುಂಡಿ, ಮತ್ತೆ