ನಾಸೋಸ್ ಕ್ಲಬ್ಬಿನ ಶನಿವಾರದ ಹಾಜರಿ

ತೆಲುಗು ಸೀಮೆಯ ಪೆಂಡುರ್ತಿಯ ಬಾಡಿಗೆ ಮನೆಯ ಮಹಡಿಯಲ್ಲಿ ಒಬ್ಬ ಪರದೇಶದವನು ಇದ್ದಾನೆಂದು ಮನೆಯೊಡತಿ ದುರ್ಗಾಂಬ ಮೊದಲೇ ಹೇಳಿದ್ದಳು. "ಉಕ್ರೇನ್ ಅಂಟ ಅಮ್ಮಾ. ಮಂಚಿವಾಡೇ. ಗಲಾಟೆ ಲೇದು" ಎಂದು ತೆಲುಗಿನಲ್ಲಿ, ಗಲಾಟೆಯಿಲ್ಲದ ಒಳ್ಳೆಯವನೆಂಬ ಭರವಸೆಯ ಜೊತೆ ಕೀಲಿಕೈ ಕೊಟ್ಟಿದ್ದಳು.

ಶ್ರೀಕಂಠ ಬ್ಯಾಂಕಿನ ಅಧಿಕಾರಿ. ತಿಪಟೂರು ಬಿಟ್ಟ ಮೇಲೆ ಎಷ್ಟೋ ಊರುಗಳ ನೀರು ಕುಡಿದವರು. ಹೆಂಡತಿ ವಿಜಯಲಕ್ಷ್ಮಿಗೆ ಹೊಸ ಊರಿನಲ್ಲಿ ಮೊದಲು ಬೇಕಾದದ್ದು ದೇವರ ಗೂಡಿಗೆ ಪೂರ್ವದ ಗೋಡೆ, ಆಮೇಲೆ ಮಾತಾಡಲು ಒಬ್ಬರು. ಗೋಡೆ ಸಿಕ್ಕಿತು. ಮಾತಾಡಲು ಸಿಕ್ಕವನು ಮಹಡಿಯ ಓಸ್ತಾಪ್. ಅರವತ್ತರ ಆಸುಪಾಸಿನ, ಉದ್ದ ಕಾಲಿನ, ಹಡಗು ರಿಪೇರಿಯ ಖಾಸಗಿ ಅಂಗಳದಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಮನುಷ್ಯ. ಆಕೆಗೆ ಅವನ ಭಾಷೆ ಬಾರದು, ಅವನಿಗೆ ಆಕೆಯದು ಬಾರದು. ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದದ್ದು ತೆಲುಗು. ಆ ತೆಲುಗನ್ನು ಕೇಳಿದರೆ ದುರ್ಗಾಂಬ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದಳು. ಇಲ್ಲಿ ಅದನ್ನು ಕನ್ನಡ ಮಾಡಿಕೊಂಡು ಹೇಳಬೇಕಾಗಿದೆ.

ಬಂದ ಮೊದಲ ಶನಿವಾರವೇ ವಿಜಯಲಕ್ಷ್ಮಿಯ ಕಿವಿ ನೆಟ್ಟಗಾಯಿತು. ದೀಪ ಹಚ್ಚುವ ಹೊತ್ತು. ಮೇಲಿನ ಕಿಟಕಿಯಿಂದ, ಫೋನಿನೊಳಗಿನದೆಂದು ತಿಳಿಯುವ ಒಂದು ಮುದಿ ಹೆಣ್ಣುದನಿ ಒಂದು ಪದವನ್ನು ಎಳೆದು ಕೂಗಿತು: "ಲಿವಾರ್‍ನಿ." ಒಂದು ಗಳಿಗೆ ಮೌನ. ಎಲ್ಲಿಂದಲೋ ಒಂದು ಗಂಡುದನಿ, "ಯೆ." ಆಮೇಲೆ ಇನ್ನೊಂದು ಪದ, ಇನ್ನೊಂದು "ಯೆ". ಕೆಲವು ಪದಗಳಿಗೆ ಯಾರೂ ಓಗೊಡುತ್ತಿರಲಿಲ್ಲ. ಆಗ ಹೆಣ್ಣುದನಿ ಸ್ವಲ್ಪ ಕಾದು ಮುಂದಕ್ಕೆ ಹೋಗುತ್ತಿತ್ತು. ಒಂದು ಪದಕ್ಕೆ ಓಸ್ತಾಪನೇ ಗಂಟಲು ಸರಿಮಾಡಿಕೊಂಡು "ಯೆ" ಎಂದ. ಅಷ್ಟರಲ್ಲಿ ಕೆಳಗೆ ಮಂಗಳಾರತಿಯ ಗಂಟೆ ಶುರುವಾಗಿ ಮುಂದಿನದು ಕೇಳಿಸಲಿಲ್ಲ.

ಶನಿವಾರ, ಸಂಜೆ, ಒಬ್ಬರು ಹೇಳಿಕೊಡುವುದು, ಉಳಿದವರು ಅನ್ನುವುದು. ಪೂಜೆಯಲ್ಲದೆ ಇನ್ನೇನು ಎಂದುಕೊಂಡರು ವಿಜಯಲಕ್ಷ್ಮೀ. ಅಂದಿನಿಂದ ಪ್ರತಿ ಶನಿವಾರ ನೈವೇದ್ಯದ ಪುಳಿಯೋಗರೆಯನ್ನೋ ಉಸಲಿಯನ್ನೋ ಬಟ್ಟಲಲ್ಲಿ ಮುಚ್ಚಿ ಮಹಡಿಯ ಮೆಟ್ಟಿಲ ಮೇಲಿಟ್ಟು ಸದ್ದು ಮಾಡದೆ ಇಳಿದು ಬರುತ್ತಿದ್ದರು. ಪೂಜೆಗೆ ಕೂತವರನ್ನು ಕರೆಯಬಾರದು. ಬೆಳಿಗ್ಗೆ ಬಟ್ಟಲು ತೊಳೆದು ಬಾಗಿಲ ಬಳಿ ಇರುತ್ತಿತ್ತು.

ಹೀಗೆ ಹಲವು ತಿಂಗಳಾದ ಮೇಲೆ ಒಂದು ಭಾನುವಾರ ಆಕೆಗೆ ತಡೆಯಲಾಗಲಿಲ್ಲ.

"ನಿಮ್ಮ ದೇವರು ಯಾರು, ಓಸ್ತಾಪ್‌ಗಾರು?"

"ಯಾವ ದೇವರು ಅಮ್ಮಗಾರು?"

"ಶನಿವಾರದ ದೇವರು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕ. "ದೇವರು ಲೇದು. ಫುಟ್‌ಬಾಲ್."

ಪೇಪರು ಓದುತ್ತಿದ್ದ ಶ್ರೀಕಂಠ ಕನ್ನಡಕ ಎತ್ತಿದರು. "ಇಷ್ಟು ದಿನ ಫುಟ್‌ಬಾಲಿಗೆ ನೈವೇದ್ಯ ಮಾಡಿದ್ಯಲ್ಲೇ, ಪುಣ್ಯಾತ್ಗಿತ್ತಿ."

"ನೀವು ಸುಮ್ನಿರಿ. ಆಮೇಲೆ, ಓಸ್ತಾಪ್‌ಗಾರು?"

ಆ "ಆಮೇಲೆ"ಯೇ ಎಷ್ಟೋ ಭಾನುವಾರ ನಡೆಯಿತು. ಅವನ ಊರು ಒಂದು ಅಗಲವಾದ ಹೊಳೆಯ ದಡದಲ್ಲಿತ್ತು. ಊರೆಂದರೆ ಪಂಪಿನ ಕಾರ್ಖಾನೆ, ಅದರ ಸುತ್ತ ಹುಟ್ಟಿಕೊಂಡ ಮನೆಗಳು, ಅಷ್ಟೆ. ಕಾರ್ಖಾನೆಗೆ ಒಂದು ಫುಟ್‌ಬಾಲ್ ಕ್ಲಬ್ಬು. ಅದರ ಹೆಸರು ನಾಸೋಸ್.

"ಹಂಗಂದ್ರೆ?" ಎಂದರು ಶ್ರೀಕಂಠ.

"ಪಂಪು."

"ಪಂಪ್ ಕ್ಲಬ್ಬು. ಗಾಳಿ ಹೊಡೆಯೋರ ಸಂಘ."

"ಗಾಳಿದಲ್ಲ ಸಾರ್, ನೀರಿಂದು" ಎಂದ ಓಸ್ತಾಪ್ ಗಂಭೀರವಾಗಿ.

ಆ ಕ್ಲಬ್ಬಿನದು ಒಂದು ಬೇರೆಯೇ ಪದ್ಧತಿ. ಹಳೆಯ ಕಾಲದ ಒಬ್ಬ ಡೈರೆಕ್ಟರು ಮಾಡಿಟ್ಟದ್ದು. ಹೊರಗಿನಿಂದ ಆಟಗಾರರನ್ನು ತರುವುದಿಲ್ಲ. ಕಾರ್ಖಾನೆಯ ಒಂದೊಂದು ವಿಭಾಗ ಒಬ್ಬೊಬ್ಬ ಆಟಗಾರನನ್ನು ಬೆಳೆಸಿ ಕೊಡಬೇಕು. ಎರಕದ ಮನೆಯವರು ಗೋಲ್‌ಕೀಪರನ್ನು ಕೊಟ್ಟರು. ಬೆಂಕಿಯ ಮುಂದೆ ನಿಲ್ಲುವವರಿಗೆ ಹೆದರಿಕೆ ಇಲ್ಲವೆಂದು. ಲೇತಿನವರು, ಬಣ್ಣದವರು, ಬಾಯ್ಲರಿನವರು ಒಬ್ಬೊಬ್ಬನನ್ನು ಕೊಟ್ಟರು. ಪಂಪನ್ನು ನೀರಿಗಿಟ್ಟು ಪರೀಕ್ಷೆ ಮಾಡುವ ವಿಭಾಗದವರು ಓಸ್ತಾಪನನ್ನು ಎಡಗಡೆ ಓಡಲು ಕೊಟ್ಟರು. ಆಟಗಾರನ ಬೂಟು ಹರಿದರೆ ಹೊಲಿಸುವುದು, ಅವನ ತಾಯಿಗೆ ಜ್ವರ ಬಂದರೆ ಸರತಿಯಲ್ಲಿ ಕೂರುವುದು ಆಯಾ ವಿಭಾಗದ ಕೆಲಸ. ಅವನು ಗೋಲು ಹೊಡೆದರೆ ವಿಭಾಗಕ್ಕೆ ವಿಭಾಗವೇ ದೊಡ್ಡ ಬೀದಿಯಲ್ಲಿ ಹಾಡುತ್ತ ಮನೆಗೆ ಹೋಗುವುದು. ತಪ್ಪು ಮಾಡಿದರೆ ಅಷ್ಟೂ ಜನ ತಲೆ ತಗ್ಗಿಸಿ ಹಿತ್ತಲ ಓಣಿ ಹಿಡಿಯುವುದು.

"ನೀವು ಯಾವ ಬೀದೀಲಿ ಜಾಸ್ತಿ ಹೋದ್ರಿ?" ವಿಜಯಲಕ್ಷ್ಮೀ ಕೇಳಿದರು.

"ಓಣಿ, ಅಮ್ಮಗಾರು" ಎಂದ ಓಸ್ತಾಪ್. "ನಮ್ಮ ವಿಭಾಗದ ಬೆಕ್ಕಿಗೂ ಓಣಿ ಗೊತ್ತಿತ್ತು."

ಆಟ ಶುರುವಾಗುವ ಮುನ್ನ ಹಾಜರಿ. ಲಿದಿಯಾ ಎಂಬ ಹುಡುಗಿ ಧ್ವನಿವರ್ಧಕದಲ್ಲಿ ಆಟಗಾರರ ಹೆಸರನ್ನಲ್ಲ, ವಿಭಾಗಗಳ ಹೆಸರನ್ನು ಕೂಗುವಳು. ಆ ವಿಭಾಗದ ಜನವೆಲ್ಲ ಗ್ಯಾಲರಿಯಿಂದ ಒಂದೇ ದನಿಯಲ್ಲಿ "ಯೆ" ಅನ್ನುವರು. ಇದ್ದೇವೆ ಎಂದು ಅರ್ಥ. ಹಾಜರಿ ಮುಗಿಯುವ ಹೊತ್ತಿಗೆ ಎದುರಿನ ತಂಡದ ಅರ್ಧ ಉಸಿರು ನಿಂತಿರುತ್ತಿತ್ತು.

ದೇಶ ಹೊಸದಾಗಿ ಸ್ವತಂತ್ರವಾದ ವರ್ಷಗಳಲ್ಲಿ ನಾಸೋಸ್ ಮೆಟ್ಟಿಲು ಹತ್ತುತ್ತ ಹೋಯಿತು. ರಾಜಧಾನಿಯ ತಂಡವೊಂದು ಪರದೆ ಹಾಕಿದ ಬಸ್ಸಿನಲ್ಲಿ ಬಂದು, ಸೋತು, ಪರದೆ ಎಳೆದುಕೊಂಡು ವಾಪಸು ಹೋಯಿತು. ಆದರೆ ಅದೇ ಹೊತ್ತಿಗೆ ಪಂಪು ಕೊಳ್ಳುವವರೇ ಕಡಿಮೆಯಾಗುತ್ತಿದ್ದರು. ಕಾರ್ಖಾನೆ ಕೈ ಬದಲಾಯಿತು. ಹೊಸ ಧಣಿಗೆ ಫುಟ್‌ಬಾಲಿನ ಹುಚ್ಚು, ಆದರೆ ಕಾಯುವ ತಾಳ್ಮೆ ಇಲ್ಲ. ಬೇರೆ ಬೇರೆ ದೇಶಗಳಿಂದ ಆಟಗಾರರನ್ನು ತಂದ. ಅವರು ಒಳ್ಳೆಯ ಹುಡುಗರೇ, ಚೆನ್ನಾಗಿ ಆಡಿದರು. ಕ್ಲಬ್ಬು ಹಿಂದೆಂದೂ ಏರದ ಎತ್ತರಕ್ಕೆ ಏರಿತು.

"ಮತ್ತೆ ಒಳ್ಳೇದೇ ಆಯ್ತಲ್ಲ" ಎಂದರು ಶ್ರೀಕಂಠ.

"ಲಿದಿಯಾ ಹಾಜರಿ ಕೂಗಿದಳು. ಗ್ಯಾಲರಿ ಸುಮ್ಮನಿತ್ತು. ಯಾರು ಯಾರಿಗೆ ಯೆ ಅನ್ನಬೇಕು? ಆ ಹುಡುಗರಿಗೆ ಯಾವ ವಿಭಾಗವೂ ಇರಲಿಲ್ಲ."

ಧಣಿಗೆ ಬೇಸರವಾಯಿತು. ಹುಡುಗರು ಬಂದ ದಾರಿಯಲ್ಲೇ ಹೋದರು. ಹಳಬರನ್ನು ಮತ್ತೆ ಕರೆದರು. ಆದರೆ ಅಷ್ಟರಲ್ಲಿ ವಿಭಾಗಗಳೇ ಮುಚ್ಚುತ್ತಿದ್ದವು. ಬಣ್ಣದ ವಿಭಾಗ ಮುಚ್ಚಿದಾಗ ಬಲಗಡೆ ಓಡುವವನು ಇಲ್ಲವಾದ. ಬಾಯ್ಲರು ನಿಂತಾಗ ನಡುವಿನವನು ಹೋದ. ಫುಟ್‌ಬಾಲಿನಲ್ಲಿ ಏಳು ಜನಕ್ಕಿಂತ ಕಡಿಮೆಯಿದ್ದರೆ ಆಟ ಶುರುಮಾಡುವಂತಿಲ್ಲ. ಒಂದು ಶನಿವಾರ ಮೈದಾನಕ್ಕೆ ಬಂದವರು ಆರು. ರೆಫರಿ ಕಾದ. ಆಮೇಲೆ ಆಡದೆಯೇ ಸೋತಿರೆಂದು ಬರೆದುಕೊಂಡ. ಕ್ಲಬ್ಬಿನ ಹೆಸರು ಅಳಿಸಿಹೋಯಿತು.

ಮರು ಶನಿವಾರ ಲಿದಿಯಾ ಯಾರನ್ನೂ ಕೇಳದೆ ಹೋಗಿ, ಬರಿಯ ಮೈದಾನಕ್ಕೆ ಹಾಜರಿ ಕೂಗಿದಳು. ಮುಚ್ಚಿದ ವಿಭಾಗಗಳ ಜನ ಮನೆಗಳ ಕಿಟಕಿಯಿಂದ, ತರಕಾರಿ ಅಂಗಡಿಯಿಂದ "ಯೆ" ಎಂದರು. ಅಂದಿನಿಂದ ಒಂದು ಶನಿವಾರವೂ ತಪ್ಪಿಲ್ಲ. ಯುದ್ಧ ಬಂದು ಊರು ಚದುರಿದ ಮೇಲೆ ಫೋನಿನಲ್ಲಿ. ಲಿದಿಯಾ ಈಗ ಪೋಲೆಂಡಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಲೇತಿನವನು ಕೆನಡಾದಲ್ಲಿ. ಅವಳು ಹಾಕಿದ ನಿಯಮ ಒಂದೇ. ಏಳು ವಿಭಾಗ ಓಗೊಡಬೇಕು. ಆರಾದ ದಿನ ನಿಲ್ಲಿಸುತ್ತಾಳೆ. ಸುಳ್ಳು ಹಾಜರಿ ಕೂಗುವುದಿಲ್ಲ.

"ಈಗ ಎಷ್ಟು?"

"ಸರಿಯಾಗಿ ಏಳು, ಅಮ್ಮಗಾರು."

ವಿಜಯಲಕ್ಷ್ಮಿಗೆ ಒಂದು ಹಳೆಯ ಮಾತು ನೆನಪಾಯಿತು. ಅವರ ತಾಯಿಯ ಊರಿನಲ್ಲಿ ಒಂದು ಗುಡಿಯ ಮೂರ್ತಿ ಕಳುವಾಗಿತ್ತು. ಪೂಜಾರಿ ಮಾತ್ರ ಬರಿಯ ಪೀಠಕ್ಕೆ ದಿನವೂ ದೀಪ ಹಚ್ಚುತ್ತಿದ್ದ. ಯಾಕೆ ಎಂದು ಚಿಕ್ಕವರಿದ್ದಾಗ ಕೇಳಿದ್ದರು. ಸ್ವಾಮಿ ವಾಪಸು ಬಂದರೆ ಕತ್ತಲಲ್ಲಿ ಎಡವಬಾರದಲ್ಲವಾ ಅಂದಿದ್ದ. ಅದನ್ನು ತೆಲುಗಿನಲ್ಲಿ ಹೇಳಲು ಆಕೆಗೆ ಬರಲಿಲ್ಲ. ಶನಿವಾರದ ಬಟ್ಟಲು ಮಾತ್ರ ನಿಲ್ಲಲಿಲ್ಲ.

ಮರು ವರ್ಷ ಶ್ರೀಕಂಠರಿಗೆ ವಿಜಯವಾಡದ ಆಟೋನಗರ್ ಶಾಖೆಗೆ ವರ್ಗವಾಯಿತು. ಮನೆ ಸಿಕ್ಕಿದ್ದು ದೂರದ ಇಬ್ರಾಹಿಂಪಟ್ನಂನಲ್ಲಿ. ಅಡುಗೆಮನೆಯ ಕಿಟಕಿಯಿಂದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಅಲ್ಲಿಗೆ ಬಂದು ಎರಡು ತಿಂಗಳಿಗೆ ಓಸ್ತಾಪನ ಫೋನು ಬಂತು. ಹಡಗಿನ ಪಂಪಿನ ಶಾಫ್ಟೊಂದು ಬಾಗಿದೆ, ಆಟೋನಗರ್‌ನಲ್ಲಿ ಅದರ ಅಳತೆಗೆ ಹೊಸದನ್ನು ಲೇತಿನಲ್ಲಿ ಮಾಡಿಸಲು ತರುತ್ತಿದ್ದೇನೆ, ಶನಿವಾರ ಸಂಜೆ ನಿಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಕೂರಬಹುದೇ ಎಂದ. ದನಿ ಸರಿಯಿರಲಿಲ್ಲ.

ಬಂದವನು ಶೂ ಬಿಚ್ಚುತ್ತಲೇ ಹೇಳಿದ. ಎರಕದ ಮನೆಗೆ ಓಗೊಡುತ್ತಿದ್ದ ಪಾವ್ಲೋ ಆ ವಾರ ತೀರಿಕೊಂಡಿದ್ದ. ಮುದುಕ, ಹೃದಯ ನಿಂತಿತು, ಅಷ್ಟೆ. ಎರಕದವರು ಇನ್ನು ಯಾರೂ ಉಳಿದಿಲ್ಲ. "ಇವತ್ತು ಆರು. ಕೊನೆಯದು. ಲಾಡ್ಜಿನ ರೂಮಲ್ಲಿ ಒಬ್ಬನೇ ಕೇಳೋಕೆ ಆಗಲ್ಲ ಅಮ್ಮಗಾರು."

ಶ್ರೀಕಂಠ ಟಿವಿ ಆರಿಸಿದರು.

ಫೋನನ್ನು ಊಟದ ಮೇಜಿನ ಮೇಲಿಟ್ಟರು. ಲಿದಿಯಾ ಕೂಗಿದಳು: "ಲಿವಾರ್‍ನಿ." ಎರಕದ ಮನೆಗೆ ಅವರ ಭಾಷೆಯ ಹೆಸರು ಅದು. ಯಾರೂ ಯೆ ಅನ್ನಲಿಲ್ಲ. ಅವಳು ಎಂದಿಗಿಂತ ಹೆಚ್ಚು ಹೊತ್ತು ಕಾದಳು. ಆಮೇಲೆ ಪಟ್ಟಿ ಕೊನೆಯವರೆಗೂ ನಡೆಯಿತು. ಆರು "ಯೆ". ಕೆನಡಾದವನು ಏನೋ ಕೇಳಿದ, ಲಿದಿಯಾ ಗದರಿದಳು.

"ಏನಂತೆ?" ಎಂದರು ವಿಜಯಲಕ್ಷ್ಮೀ.

"ಪಾವ್ಲೋನ ಹೆಂಡತಿ ಅನ್ನಬಹುದಾ ಅಂತ ಕೇಳಿದ. ಆಗಲ್ಲ ಅಂದಳು. ವಿಭಾಗದ ಕೆಲಸ ಮಾಡಿದವರೇ ಆಗಬೇಕು."

"ಯಾರೂ ಓಗೊಡದೆ ಇರೋ ವಿಭಾಗ ಯಾವ್ಯಾವ್ದು?"

"ಬಣ್ಣ. ಬಾಯ್ಲರು. ಇನ್ನೂ ಎರಡು. ಆಮೇಲೆ ಕ್ಯಾಂಟೀನು."

"ಕ್ಯಾಂಟೀನೋರೂ ಆಟಗಾರನ್ನ ಕೊಟ್ಟಿದ್ರಾ?"

"ಲೇದು. ಅಲ್ಲಿ ಹೆಂಗಸರೇ. ಆದ್ರೆ ಅವರೂ ಯೆ ಅಂತಿದ್ರು. ಆಟಗಾರರಿಗೆ ಊಟ ಹಾಕ್ತಿದ್ರಲ್ಲ."

ವಿಜಯಲಕ್ಷ್ಮೀ ಸೆರಗು ಸರಿಮಾಡಿಕೊಂಡರು. "ಆ ಕೆಲಸ ನಾನು ಮಾಡಿದೀನಿ. ಹೇಳಿ ಆಕೆಗೆ."

ಓಸ್ತಾಪ್ ಒಮ್ಮೆ ಆಕೆಯನ್ನು, ಒಮ್ಮೆ ಫೋನನ್ನು ನೋಡಿದ. ಆಮೇಲೆ ತನ್ನ ಭಾಷೆಯಲ್ಲಿ ನಿಧಾನವಾಗಿ ಹೇಳತೊಡಗಿದ. ಆ ಕಡೆಯಿಂದ ಕೋರ್ಟಿನ ವಿಚಾರಣೆಯಂಥ ಪ್ರಶ್ನೆಗಳು ಬಂದವು.

"ಏನು ಊಟ ಅಂತ ಕೇಳ್ತಾಳೆ."

"ಪುಳಿಯೋಗರೆ, ಮೊಸರನ್ನ, ಕಡಲೆಕಾಳಿನ ಉಸಲಿ."

"ಹಾಜರಿಗೆ ಮುಂಚೆಯೋ, ಆಮೇಲೋ ಅಂತಾಳೆ."

"ಆಮೇಲೆ. ಮಂಗಳಾರತಿ ಆಗದೆ ಹೆಂಗೆ ಕೊಡೋದು?"

ಅದನ್ನು ಹೇಳಿದ ತಕ್ಷಣ ಓಸ್ತಾಪನಿಗೆ ಆ ಕಡೆಯಿಂದ ಬೈಗುಳ ಬಿತ್ತು. ಅರವತ್ತರ ಮನುಷ್ಯ ಸ್ಕೂಲು ಹುಡುಗನ ಹಾಗೆ ಮೇಜು ನೋಡಿದ. "ಆಟದ ನಡುವೆ ತಿನ್ನೋನು ಆಟಗಾರ ಅಲ್ಲ, ನೋಡೋಕೆ ಬಂದೋನು ಅಂತಾಳೆ. ಕ್ಯಾಂಟೀನು ಊಟ ಹಾಕ್ತಿದ್ದದ್ದು ಆಟಕ್ಕೆ ಮುಂಚೆ. ಹಿಂದಿನದು ಲೆಕ್ಕಕ್ಕಿಲ್ಲ."

"ಯಾವ ಆಟ?" ಎಂದರು ಶ್ರೀಕಂಠ.

ಫೋನಿನಲ್ಲಿ ಯಾರದೋ ಕೆಮ್ಮು. ಆಮೇಲೆ ಲಿದಿಯಾಳ ದನಿ, ಈ ಸಲ ಸ್ವಲ್ಪ ತಗ್ಗಿ, ಎರಡು ಮೂರು ಮಾತು. ಓಸ್ತಾಪ್ ಕೇಳಿಸಿಕೊಂಡು ಮೆಲ್ಲಗೆ ತಲೆ ಎತ್ತಿದ.

"ಹೊಸಬರು ಒಂದು ವಾರ ಕೆಲಸ ಮಾಡಿ ತೋರಿಸಬೇಕು, ಅದು ಕಾರ್ಖಾನೆಯ ರೂಲ್ಸು ಅಂತಾಳೆ. ಒಂದು ವಾರ ಆದ ಮೇಲೆ ಕ್ಯಾಂಟೀನು ಅಂತ ಕೂಗ್ತಾಳಂತೆ. ಕೂಗಬೇಕು ಅಂದ್ರೆ ಮುಂದಿನ ಶನಿವಾರ ಹಾಜರಿ ಇರಲೇಬೇಕಲ್ಲ. ಇವತ್ತಿನ ಆಟ ಮುಂದಕ್ಕೆ ಹಾಕಿದೆ ಅಂತಾಳೆ."

"ನಿಂತುಹೋಗಿಲ್ವಾ?"

"ಮುಂದಕ್ಕೆ."

"ನಮ್ಮ ಬ್ಯಾಂಕಲ್ಲಿ ಪ್ರೊಬೇಷನ್ ಎರಡು ವರ್ಷ" ಎಂದರು ಶ್ರೀಕಂಠ. "ನಿಂದು ಪರವಾಗಿಲ್ಲ ಕಣೆ, ಒಂದೇ ವಾರ." ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

ಶಾಫ್ಟಿಗೆ ಬೇಕಾದ ಉಕ್ಕು ಆಟೋನಗರ್‌ಗೆ ಬರುವುದು ತಡವಾಗಿ ಓಸ್ತಾಪ್ ಆ ವಾರ ಅಲ್ಲೇ ಉಳಿದ. ವಿಜಯಲಕ್ಷ್ಮೀ ಅವನಿಗೆ ದಿನವೂ ಡಬ್ಬಿ ಕಟ್ಟಿದರು. ಓಡುವವನಿಗೆ ಹೊಟ್ಟೆ ಭಾರವಾಗಬಾರದೆಂದು ಯೋಚಿಸಿ, ಹುಳಿ ಖಾರ ಕಡಿಮೆ ಮಾಡಿ, ಹೆಸರುಬೇಳೆ ಪೊಂಗಲಿಗೆ ಬಂದು ನಿಂತರು. ಒಂದು ತೊಡಕಿತ್ತು. ಶನಿವಾರದ ನೈವೇದ್ಯಕ್ಕೆ ಮೊದಲು ಯಾರಿಗೂ ಬಡಿಸಿ ಅವರಿಗೆ ಅಭ್ಯಾಸವಿಲ್ಲ. ಎರಡು ದಿನ ಅದೇ ಯೋಚನೆ. ಕೊನೆಗೆ ಅಂದು ಸಂಜೆಯ ಪೂಜೆಯನ್ನೇ ಹಿಂದಕ್ಕೆ ತಂದು, ಬಿಸಿಲಿರುವಾಗಲೇ ಆರತಿ ಎತ್ತಿದರು. ಸ್ವಾಮಿಗೆ ಹೇಳಿಕೊಂಡರು, "ಇವತ್ತು ಆಟ ಇದೆ."

ಓಸ್ತಾಪ್ ಉಂಡು ಕೈ ತೊಳೆದು ಬಂದು ಕೂತ. ಫೋನು ಮೇಜಿನ ಮೇಲೆ ಬಂತು. ಲಿದಿಯಾ ಮೊದಲು ಎರಕದ ಮನೆಯನ್ನು ಕೂಗಿ, ಕಾದು, ಮುಂದೆ ಹೋದಳು. ಲೇತು. ಪರೀಕ್ಷೆ. ಒಂದೊಂದೇ "ಯೆ". ಆರಾಯಿತು. ಕೊನೆಗೆ, ವಿಜಯಲಕ್ಷ್ಮೀ ವಾರವಿಡೀ ಬಾಯಿಪಾಠ ಮಾಡಿಕೊಂಡಿದ್ದ ಕ್ಯಾಂಟೀನಿನ ಆ ಪದ ಬಂತು: "ಯಿದಾಲ್ನ್ಯಾ."

ಶ್ರೀಕಂಠ ಮೊಣಕೈಯಿಂದ ತಿವಿದರು.

"ಯೆ" ಎಂದರು ವಿಜಯಲಕ್ಷ್ಮೀ. ಅದು ಬೇಕಾದದ್ದಕ್ಕಿಂತ ಜೋರಾಗಿ ಬಂತು. ಕೆನಡಾದಲ್ಲಿ ಯಾರೋ ನಕ್ಕರು.

ಲಿದಿಯಾ ಒಂದು ಪದ ಹೇಳಿ ಸುಮ್ಮನಾದಳು. ಏಳು ಎಂದಿರಬೇಕು. ಆದರೆ ಯಾರೂ ಫೋನು ಇಡಲಿಲ್ಲ, ಮಾತೂ ಆಡಲಿಲ್ಲ. ಒಂದು ಮನೆಯಲ್ಲಿ ನಲ್ಲಿ ಸುರಿಯುವ ಸದ್ದು. ಇನ್ನೊಂದು ಕಡೆ ಟ್ರಾಮು ತಿರುಗುವ ಕಿರುಗುಟ್ಟು. ಯಾರೋ ಈರುಳ್ಳಿ ಹೆಚ್ಚುತ್ತಿದ್ದರು. ಓಸ್ತಾಪ್ ಕುರ್ಚಿಗೆ ಒರಗಿ ಕಣ್ಣು ಅರೆಮುಚ್ಚಿದ. ಪೆಂಡುರ್ತಿಯಲ್ಲಿ ಮಂಗಳಾರತಿಯ ಗಂಟೆಯ ಆಚೆ ಇಷ್ಟು ದಿನ ನಡೆಯುತ್ತಿದ್ದ ಆಟ ಇದೇ ಎಂದು ವಿಜಯಲಕ್ಷ್ಮಿಗೆ ನಿಧಾನವಾಗಿ ತಿಳಿಯಿತು. ಅವರೂ ಎದ್ದು ಹೋಗಲಿಲ್ಲ. ನಾಳೆಗೆ ಬೇಕಾದ ಅವರೆಕಾಯಿಯನ್ನು ಮೊರದಲ್ಲಿ ತಂದು ಫೋನಿನ ಪಕ್ಕದಲ್ಲಿ ಕೂತು ಸುಲಿಯತೊಡಗಿದರು.

ಸ್ವಲ್ಪ ಹೊತ್ತಿನ ಮೇಲೆ ಶ್ರೀಕಂಠ ಬಗ್ಗಿ ಪಿಸುಗುಟ್ಟಿದರು. "ಯಾರು ಗೆಲ್ತಿದಾರೆ?"

ಓಸ್ತಾಪ್ ಕಣ್ಣು ತೆರೆಯದೆ ಹೇಳಿದ. "ಇನ್ನೂ ಗೋಲಾಗಿಲ್ಲ ಸಾರ್."