ಸೆಲ್ಫ್ ಇಲ್ಲದ ಜೀಪು

ಭೂಮದ ಊಟಕ್ಕೆ ಕೂತ ಮದುಮಗ ಮುನಿಸಿಕೊಳ್ಳಬೇಕು, ಹೆಣ್ಣಿನ ಕಡೆಯವರು ರಮಿಸಬೇಕು. ಅದು ಪದ್ಧತಿ. ಲೋಕದ ಮದುಮಕ್ಕಳೆಲ್ಲ ವಾಚೋ ಉಂಗುರವೋ ಕೇಳಿ, ಕೈಗೆ ಬಂದ ಮೇಲೆ ತುತ್ತು ಎತ್ತುತ್ತಾರೆ. ಗೋವಿನಕೋವಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಓಂಕಾರನಿಗೆ ಅಷ್ಟೂ ಬುದ್ಧಿ ಇರಲಿಲ್ಲ. ಬಸವಾಪಟ್ಟಣದ ಮಾವನ ಅಂಗಳದಲ್ಲಿ, ಪಂಕ್ತಿಯ ಎದುರಿಗೇ, ಹುಣಸೆಮರದ ಕೆಳಗೊಂದು ಹಳೇ ಜೀಪು ನಿಂತಿತ್ತು. ಚಕ್ರ ಅರ್ಧ ಮಣ್ಣಿನಲ್ಲಿ, ಸೀಟಿನೊಳಗೆ ಬೆಕ್ಕಿನ ಸಂಸಾರ. ಓಂಕಾರ ತಮಾಷೆಗೆಂದು ಅದರ ಕಡೆ ಕೈ ತೋರಿಸಿ, "ಅದನ್ನ ಕೊಟ್ರೆ ಉಣ್ತೀನಿ" ಅಂದುಬಿಟ್ಟ. ಗೆಳೆಯರು ನಕ್ಕರು. ಮಾವ ಶಿವಮೂರ್ತಪ್ಪ ನಗಲಿಲ್ಲ.

ನಗುವುದು ಹೇಗೆ? ಒಂದು ಕಾಲಕ್ಕೆ ಊರಿನಲ್ಲಿದ್ದದ್ದು ಅದೊಂದೇ ಜೀಪು. ಎಂಥ ಚಳಿಯಲ್ಲೂ ಒಂದೇ ಸೆಲ್ಫಿಗೆ ಹತ್ತುತ್ತಿತ್ತು ಎಂದು ಆತ ಹೋಟೆಲಿನಲ್ಲಿ ಇವತ್ತಿಗೂ ಹೇಳುತ್ತಿದ್ದ. ಪಂಕ್ತಿಯೆದುರು ಇಲ್ಲ ಅನ್ನುವಂತಿರಲಿಲ್ಲ. ವಾರದೊಳಗೆ ಟ್ರ್ಯಾಕ್ಟರಿಗೆ ಕಟ್ಟಿಸಿ, ಬೆಕ್ಕಿನ ಸಮೇತ, ಗಿರಣಿಯ ಮುಂದೆ ಬಿಡಿಸಿದ. ಅವತ್ತಿನಿಂದ ಅಳಿಯನ ಜೊತೆ ಮಾತು ಬಂದ್.

ಬಂದ್ ಅಂದರೆ ಜಗಳವಲ್ಲ. ಅಳಿಯ ಪಕ್ಕದಲ್ಲೇ ಕೂತಿದ್ದರೂ ಶಿವಮೂರ್ತಪ್ಪ ಹೆಂಡತಿಯನ್ನು ಕೂಗಿ, "ಅವ್ರಿಗೆ ಚಾ ಬೇಕಾ ಕೇಳು" ಅನ್ನುತ್ತಿದ್ದ. ಫೋನಿನಲ್ಲಿ ಮಗಳು ನೇತ್ರಾವತಿಗೆ, "ಮಳೆ ಆತಾ ಅಂತ ನಿನ್ನ ಗಂಡನ್ನ ಕೇಳು" ಅನ್ನುತ್ತಿದ್ದ. ಹೀಗೇ ಮೂರು ವರ್ಷ ಕಳೆಯಿತು. ಅಪ್ಪನಿಲ್ಲದೆ ಬೆಳೆದ ಓಂಕಾರನಿಗೆ ಇದು ತುತ್ತು ಗಂಟಲಲ್ಲಿ ಸಿಕ್ಕಿಕೊಂಡಂತೆ ಆಗಿತ್ತು. ಕೊನೆಗೊಂದು ದಿನ ಹೆಂಡತಿಗೆ ಹೇಳಿದ.

"ಜೀಪು ರಿಪೇರಿ ಮಾಡಿ, ಓಡಿಸ್ಕೊಂಡು ಹೋಗಿ, ಮಾವನ ಕೈಗೆ ಕೀ ಕೊಟ್ಟು ಬರ್ತೀನಿ. ಆಮೇಲೆ ಬೈದ್ರೂ ಸರಿ, ನನ್ನ ಮಖ ನೋಡಿ ಬೈಲಿ."

"ಮಾಡ್ರಿ. ಗಿರಣಿ ದುಡ್ಡು ಮಾತ್ರ ಮುಟ್ಟಂಗಿಲ್ಲ" ಅಂದಳು ನೇತ್ರಾವತಿ. "ನೆಲದ ಮ್ಯಾಲೆ ಉದುರಿದ್ದು ಗುಡಿಸಿ, ಎಮ್ಮೆ ಸಾಕೋರಿಗೆ ಮಾರ್ತೀವಲ್ಲ, ಅದು ನಿಮ್ದು."

ಹೀಗೆ ಜೀಪಿನ ಜೀರ್ಣೋದ್ಧಾರ ಕಸದ ಹಿಟ್ಟಿನ ಮೇಲೆ ನಿಂತಿತು. ಆ ವರ್ಷ ಗೋವಿನಕೋವಿಯಲ್ಲಿ ಗಿರಣಿಯಿಂದ ಬರುವ ಹಿಟ್ಟು ಯಾಕೋ ಕಡಿಮೆ ಬೀಳುತ್ತಿದೆ ಎಂದು ಕೆಲವರಿಗೆ ಅನುಮಾನ ಬಂದದ್ದುಂಟು. ಓಂಕಾರ ಜೋಳ ಸಣ್ಣದು ಅಂದ.

ಜಗಳೂರು ಕಡೆಯಿಂದ ಬಂದು ಹೊನ್ನಾಳಿಯಲ್ಲಿ ಗ್ಯಾರೇಜ್ ಹಾಕಿದ್ದ ಚಿತ್ತಪ್ಪ ರಿಪೇರಿಗೆ ಒಪ್ಪಿದ. ಫ್ಯಾನಿಗೆ ಗಿರಣಿಯ ಹಳೇ ಬೆಲ್ಟು ಬಂತು. ಸೀಟು ಚನ್ನಗಿರಿಯ ಗುಜರಿಯಲ್ಲಿ ಸಿಕ್ಕ ಬಸ್ಸಿನದು, ಬೆನ್ನಿನ ಮೇಲೆ 'ಮಹಿಳೆಯರಿಗೆ' ಎಂದು ಬರೆದಿತ್ತು. ಚಾವಣಿಗೆ ಅಡಿಕೆ ಒಣಗಿಸುವ ತಾಡಪಾಲು. ಒಂದು ಲೈಟು ದುಂಡಗೆ, ಇನ್ನೊಂದು ಟ್ರ್ಯಾಕ್ಟರಿನದು, ಚೌಕ. ಸೆಲ್ಫ್ ಮೋಟರಿನ ಹತ್ತಿರ ಬಂದಾಗ ಚಿತ್ತಪ್ಪ ಕೈ ಒರೆಸಿಕೊಂಡ.

"ಇದು ಸತ್ತೋಗೈತೆ. ಹೊಸದು ಹಾಕಾಕೆ ನಿಮ್ಮ ಹಿಟ್ಟು ಈ ಜನ್ಮದಾಗೆ ಸಾಲಲ್ಲ. ಇಳಿಜಾರು ನೋಡಿ ನಿಲ್ಲಿಸ್ರಿ. ಸರ್ಕಾರ ಇನ್ನೂ ರೋಡೆಲ್ಲ ಸಮ ಮಾಡಿಲ್ಲ."

ಅಲ್ಲಿಂದ ಓಂಕಾರನಿಗೆ ಜಗತ್ತೆಲ್ಲ ಇಳಿಜಾರಾಗಿಯೇ ಕಂಡಿತು. ನ್ಯಾಮತಿಯ ಯಾವ ಬೀದಿ ಎತ್ತ ಇಳಿಯುತ್ತದೆ ಎಂಬುದು ಬಾಯಿಪಾಠವಾಯಿತು. ಗುಡಿಗೆ ಹೋದರೂ ಮೊದಲು ಇಳಿಜಾರು ಹುಡುಕಿ, ಆಮೇಲೆ ದೇವರನ್ನು ನೋಡುತ್ತಿದ್ದ.

ಒಂದು ಸೋಮವಾರ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ನೇತ್ರಾವತಿಯನ್ನು ಕೂರಿಸಿಕೊಂಡು ಹೊರಟ. ಜೀಪು ಹೊನ್ನಾಳಿ ಸೇತುವೆ ದಾಟಿತು, ಏರು ಹತ್ತಿತು, ಬಸವಾಪಟ್ಟಣ ಮುಟ್ಟಿತು. ಮಾವನ ಅಂಗಳಕ್ಕೆ ನುಗ್ಗಿದ ಮೇಲೇ ಓಂಕಾರನಿಗೆ ಹೊಳೆದದ್ದು, ಅಂಗಳ ಅಂಗೈಯಂತೆ ಸಮ. ಹಾಳಾದ್ದು, ಮದುವೆಯ ದಿನ ಅಲ್ಲೇ ಕೂತು ಉಂಡಿದ್ದನಲ್ಲ, ನೋಡಿಕೊಳ್ಳಬಾರದಿತ್ತೆ? ಇಂಜಿನ್ ಆಫ್ ಮಾಡದೆ ಸ್ಟೇರಿಂಗ್ ಹಿಡಿದು ಕೂತೇ ಇದ್ದ.

ಕಟ್ಟೆಯ ಮೇಲಿದ್ದ ಶಿವಮೂರ್ತಪ್ಪ ಜೀಪನ್ನು ಬಹಳ ಹೊತ್ತು ನೋಡಿದ. ಚೌಕದ ಲೈಟನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಳಗಿದ್ದ ಹೆಂಡತಿ ಅಜ್ಜಮ್ಮನಿಗೆ ಕೂಗಿ ಹೇಳಿದ.

"ಆಫ್ ಮಾಡಾಕೆ ಹೇಳು. ಎಮ್ಮೆ ಬೆದರ್ತಾವೆ."

ಓಂಕಾರ ಆಫ್ ಮಾಡಿದ. ಇಳಿದು ಬಂದು ಕೀ ಚಾಚಿದ. "ಮಾವ, ಅವತ್ತು ತಮಾಷೆಗೆ ಅಂದಿದ್ದೆ. ತಪ್ಪಾತು. ನಿಮ್ಮ ಜೀಪು ನೀವೇ ಇಟ್ಕಳ್ರಿ."

"ಕೊಟ್ಟಿದ್ದನ್ನ ವಾಪಸ್ ತಗಳಾ ವಂಶ ಅಲ್ಲ ಅಂತ ಹೇಳು" ಎಂದು ಶಿವಮೂರ್ತಪ್ಪ ಕಂಬಕ್ಕೆ ಹೇಳಿದ. ಅಜ್ಜಮ್ಮ ಇನ್ನೂ ಹೊರಗೆ ಬಂದಿರಲಿಲ್ಲ.

ಊಟವಾಯಿತು. ಹೋಳಿಗೆ ಮಾಡಿದ್ದರು. ಬಡಿಸಾಕೆ ಹೇಳು, ಸಾಕಾ ಕೇಳು ಎಂದು ಮಾವನ ಮಾತೆಲ್ಲ ಅಜ್ಜಮ್ಮನ ಮೂಲಕವೇ ಬಂತು. ಓಂಕಾರನಿಗೆ ಹೋಳಿಗೆಯ ರುಚಿಯೇ ತಿಳಿಯಲಿಲ್ಲ. ಇಷ್ಟೆಲ್ಲ ಮಾಡಿದ್ದು ದಂಡ ಎಂದುಕೊಂಡು ಹೊರಡಲು ಎದ್ದ.

ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಕಟ್ ಎಂದಿತು, ಅಷ್ಟೇ. ಮರ್ಯಾದೆಗೆಂದು ಇನ್ನೊಂದು ಸಲ ತಿರುಗಿಸಿದ.

"ನಮ್ಮ ಕಾಲದಾಗೆ ಒಂದೇ ಸೆಲ್ಫಿಗೆ ಹತ್ತೋದು ಅಂತ ಹೇಳು" ಅಂದ ಶಿವಮೂರ್ತಪ್ಪ.

ಅಜ್ಜಮ್ಮ ಹೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪಿನ ಹಿಂದೆ ನಡೆದಳು. ಹುಡುಕುವ ಕೆಲಸವೇ ಇರಲಿಲ್ಲ, ಕೈ ಸೀದಾ ಎಡಗಡೆಯ ಮೂಲೆಗೆ ಹೋಯಿತು. ಅಲ್ಲಿ ತಗಡು ಎರಡು ಅಂಗೈಯಗಲ ತಗ್ಗಾಗಿತ್ತು. ಅದೆಲ್ಲಿ ಡಿಕ್ಕಿ ಹೊಡೆದದ್ದೋ ಎಂದು ಚಿತ್ತಪ್ಪ ತಲೆ ಕೆಡಿಸಿಕೊಂಡಿದ್ದ ಜಾಗ ಅದು.

"ಇವ್ರ ಸೆಲ್ಫು ನಾನೇ" ಅಂದಳು ಅಜ್ಜಮ್ಮ, ಅಕ್ಕಿ ಮುಗಿದಿದೆ ಎನ್ನುವ ದನಿಯಲ್ಲಿ. "ದಿನಾ ಬೆಳಿಗ್ಗೆ ತಳ್ತಿದ್ದೆ. ಹತ್ತಿತು ಅಂದ್ರೆ ನಿಲ್ಲಿಸ್ತಿರ್ಲಿಲ್ಲ, ಹೋಗೇಬಿಡೋರು. ಒಂದಿನಾನೂ ನಾನು ಕುಂತಿಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ಇವತ್ತು ನೀವು ತಳ್ರಿ. ನಾನು ಕುಂದ್ರತೀನಿ."

ಅಂದವಳೇ ಹತ್ತಿ, ಅಳಿಯನ ಪಕ್ಕ, 'ಮಹಿಳೆಯರಿಗೆ' ಎಂದಿದ್ದ ಸೀಟಿನಲ್ಲಿ ಕೂತಳು. ನೇತ್ರಾವತಿ ತಳ್ಳಲು ಹಿಂದೆ ಹೋದಳು. ಶಿವಮೂರ್ತಪ್ಪ ಬೀದಿಯ ಆ ಕಡೆ, ಈ ಕಡೆ ನೋಡಿ, ಟವೆಲ್ಲನ್ನು ತಲೆಗೆ ಸುತ್ತಿ, ತಗ್ಗಿನ ಮೇಲೆ ಕೈ ಇಟ್ಟ. ಎದುರು ಮನೆಯ ಕೊಟ್ರೇಶ್ ನಗು ನುಂಗಿಕೊಂಡು ಬಂದು ಭುಜ ಕೊಟ್ಟ. ಜೀಪು ಅಲುಗಿತು, ಉರುಳಿತು, ಬೀದಿಗೆ ಬಂತು.

"ಸೆಕೆಂಡಿಗೆ ಹಾಕ್ರಿ" ಎಂದು ಹಿಂದಿನಿಂದ ದನಿ ಬಂತು. ಯಾರಿಗೂ ಹೇಳು ಅನ್ನಲಿಲ್ಲ. "ಅಳಿಯಂದ್ರೆ, ನಿಮಗೇ ಹೇಳಿದ್ದು. ಕ್ಲಚ್ ಬಿಡ್ರಿ."

ಓಂಕಾರನ ಕಣ್ಣು ತುಂಬಿತು. ಗೇರು ಸೆಕೆಂಡಿನಲ್ಲಿಯೇ ಇತ್ತು, ವೇಗವೂ ಸಾಕಿತ್ತು. ಕಾಲು ಎತ್ತಿದರೆ ಇಂಜಿನ್ ಹತ್ತುತ್ತಿತ್ತು.

"ಎಂಥಾ ಮನುಷ್ಯರ್ರೀ ನೀವು, ಕಿವಿ ಕೇಳ್ಸಲ್ವಾ? ಗಿರಣಿ ಹೆಂಗೆ ನಡೆಸ್ತೀರಿ?" ಮಾವ ಏದುಸಿರು ಬಿಡುತ್ತ, ಓಡುತ್ತ, ಬಾಯಿ ತುಂಬ ಬೈಯುತ್ತಿದ್ದ.

ಕ್ಲಚ್ಚನ್ನು ಇನ್ನೂ ಒತ್ತಿ ಹಿಡಿದಿದ್ದ ಅಳಿಯನ ಕಾಲನ್ನು ಅಜ್ಜಮ್ಮ ನೋಡಿದಳು. ಆಮೇಲೆ ಮುಂದಿನ ರಸ್ತೆ ನೋಡುತ್ತ ಆರಾಮಾಗಿ ಕೂತಳು.